ಮೂರು ನಿಮಿಷದ ಮೈಕು

(ನಮ್ಮೂರಿನ ಗೆಳೆಯರು ತಿಂಗಳಿಗೊಮ್ಮೆ ಸೇರಿ ನಡೆಸುವ ಮಾತುಕತೆಯಲ್ಲಿ ಆಡಿದ್ದನ್ನು ಆಮೇಲೆ ಕೂತು ಬರೆದದ್ದು. ಮಾತಿನ ಓಘದಲ್ಲಿ ಬಂದಿದ್ದ ಒಂದೆರಡು ಅಡ್ಡಮಾತು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹೊಯ್ಯುತ್ತಿದೆ, ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ ಗೊತ್ತಿಲ್ಲ. ಪೀಠಿಕೆ ಬಿಟ್ಟುಬಿಡುತ್ತೇನೆ.

ಇಲ್ಲಿ ಕೂತವರಲ್ಲಿ ಸುಮಾರು ಜನರ ಮನೆಯಲ್ಲಿ ಕೋವಿ ಇದೆ. ನಮ್ಮಪ್ಪನ ಹೆಸರಿನಲ್ಲೂ ಒಂಟಿ ನಳಿಗೆಯದೊಂದು ಇತ್ತು. ಅದರಲ್ಲಿ ಮಂಗ ಓಡಿಸಿದ್ದು ನನಗೆ ಅಷ್ಟು ನೆನಪಿಲ್ಲ. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಸ್ಟೇಷನ್ನಿಗೆ ಹೊತ್ತು ಠೇವಣಿ ಇಟ್ಟು, ರಸೀದಿ ತಂದು ಪಂಚಾಂಗದ ನಡುವೆ ಇಡುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಹೋಗುವ ಮುಂಚೆ ಅಪ್ಪ ಬೈಯುತ್ತಿದ್ದರು. ಬಂದ ಮೇಲೂ ಬೈಯುತ್ತಿದ್ದರು. ಓಟು ನಮ್ಮದು, ಅಡಿಕೆ ನಮ್ಮದು, ಹಂದಿಗೆ ಮಾತ್ರ ನೀತಿಸಂಹಿತೆ ಇಲ್ಲ ಅಂತ. ಆದರೂ ಒಂದು ಸಲವೂ ಇಡದೆ ಇದ್ದವರಲ್ಲ. "ಲೈಸೆನ್ಸು ಕೊಟ್ಟವರು ಅವರು, ಕೇಳಿದಾಗ ಕೊಡದೆ ಇರೋಕೆ ಆಗುತ್ತೇನೋ" ಎನ್ನುತ್ತಿದ್ದರು.

ನಾನು ಇವತ್ತು ಹೇಳಬೇಕೆಂದಿರುವುದು ಬಂದೂಕು ನಿಯಂತ್ರಣದ ಕಾನೂನಿನ ವಿರುದ್ಧ ಅಮೆರಿಕದಲ್ಲಿ ಎದ್ದ ಒಂದು ಚಳವಳಿಯ ಜನರ ಬಗ್ಗೆ. ಅವರ ತಲೆಯಲ್ಲಿ ಈ ವಾಕ್ಯ ಹುಟ್ಟುವುದೇ ಇಲ್ಲ. ಸರ್ಕಾರ ತಮಗೆ ಬಂದೂಕು ಕೊಟ್ಟಿದೆ ಎಂದು ಅವರು ಅಂದುಕೊಂಡಿಲ್ಲ. ಹಾಗಾಗಿ ಸರ್ಕಾರ ಅದನ್ನು ಕೇಳುವುದು ಅವರ ಕಿವಿಗೆ ಬೇರೆಯದೇ ಥರ ಕೇಳಿಸುತ್ತದೆ.

ನಾನು ಹನ್ನೊಂದು ವರ್ಷ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿದ್ದೆ. ವಾಷಿಂಗ್ಟನ್ನಿನಿಂದ ಪೊಟೊಮ್ಯಾಕ್ ನದಿ ದಾಟಿದರೆ ವರ್ಜೀನಿಯಾ. ಆರ್ಲಿಂಗ್ಟನ್, ಫೇರ್‌ಫ್ಯಾಕ್ಸ್, ಲೌಡನ್, ಪ್ರಿನ್ಸ್ ವಿಲಿಯಂ ಎಂಬ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳ ಥರದವು, ಸಿಗುತ್ತವೆ. ಸರ್ಕಾರಿ ಗುತ್ತಿಗೆ, ಸಾಫ್ಟ್‌ವೇರು, ಡೇಟಾ ಸೆಂಟರಿನ ಸೀಮೆ. ಆ ಕಡೆಯ ನಮ್ಮ ಕನ್ನಡದವರು ಹೆಚ್ಚಾಗಿ ಇರುವುದೂ ಅಲ್ಲೇ. ಅಲ್ಲಿಂದ ನೈರುತ್ಯಕ್ಕೆ ಐದಾರು ಗಂಟೆ ಕಾರು ಓಡಿಸಿದರೆ ಅಪಲೇಶಿಯನ್ ಬೆಟ್ಟಗಳು, ಕಲ್ಲಿದ್ದಲ ಗಣಿ ಸೊರಗಿದ ಊರುಗಳು, ಚಳಿಗಾಲಕ್ಕೆ ಮುಂಚಿನ ಜಿಂಕೆ ಬೇಟೆ. ಇವೆರಡೂ ಒಂದೇ ರಾಜ್ಯ ಅಂತ ನಂಬಬೇಕಾದರೆ ನಕಾಶೆಯನ್ನೇ ನೋಡಬೇಕು. ಇನ್ನೊಂದು ತಮಾಷೆ ಏನೆಂದರೆ, ಇಡೀ ಅಮೆರಿಕದ ಬಂದೂಕು ಲಾಬಿಯ ದೊಡ್ಡಣ್ಣನಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ (ಎನ್‌ಆರ್‌ಎ) ಮುಖ್ಯ ಕಚೇರಿ ಇರುವುದು ನಮ್ಮ ಫೇರ್‌ಫ್ಯಾಕ್ಸ್‌ನಲ್ಲಿ. ಆದರೆ ಈ ಕಥೆಯಲ್ಲಿ ದೊಡ್ಡಣ್ಣನಿಗೆ ಸಣ್ಣ ಪಾತ್ರ.

2019ರ ಮೇ 31ರ ಸಂಜೆ ವರ್ಜೀನಿಯಾ ಬೀಚ್ ಎಂಬ ಊರಿನ ನಗರಪಾಲಿಕೆ ಕಟ್ಟಡದಲ್ಲಿ 12 ಜನ ಗುಂಡಿಗೆ ಬಲಿಯಾದರು. ಹೊಡೆದವನು ಅಲ್ಲಿಯದೇ ಎಂಜಿನಿಯರು, ಅವತ್ತು ಬೆಳಿಗ್ಗೆ ತಾನೇ ರಾಜೀನಾಮೆ ಕಳಿಸಿದ್ದ. ಸತ್ತವರಲ್ಲಿ 11 ಮಂದಿ ಪಾಲಿಕೆಯ ನೌಕರರು, ಇನ್ನೊಬ್ಬರು ಯಾವುದೋ ಪರ್ಮಿಟ್ಟಿನ ಕೆಲಸಕ್ಕೆ ಬಂದಿದ್ದ ಗುತ್ತಿಗೆದಾರರು. ಅವನ ಕೈಯಲ್ಲಿದ್ದ ಪಿಸ್ತೂಲುಗಳು ಕಾನೂನುಬದ್ಧವಾಗಿ ಕೊಂಡವು. ಮುಂದೆ ಎಲ್ಲ ವಾದದಲ್ಲೂ ಇದು ಬರುತ್ತದೆ: ಒಂದು ಕಡೆಯವರು "ನೋಡಿ, ಎಷ್ಟು ಸಲೀಸಾಗಿ ಸಿಕ್ಕಿತು" ಅಂದರೆ, ಇನ್ನೊಂದು ಕಡೆಯವರು "ನೋಡಿ, ನೀವು ತರುವ ತಪಾಸಣೆ ಕಾನೂನು ಇವನನ್ನು ತಡೆಯುತ್ತಿರಲಿಲ್ಲ" ಅನ್ನುತ್ತಿದ್ದರು. ಇಬ್ಬರದೂ ಸುಳ್ಳಲ್ಲ.

ಗವರ್ನರ್ ರಾಲ್ಫ್ ನಾರ್ಥಮ್ ಜುಲೈ 9ಕ್ಕೆ ವಿಶೇಷ ಅಧಿವೇಶನ ಕರೆದರು. ಅವರು ಡೆಮಾಕ್ರಾಟ್, ಶಾಸನಸಭೆ ರಿಪಬ್ಲಿಕನ್ನರ ಕೈಯಲ್ಲಿ. ಸಭೆ ಸೇರಿತು, 90 ನಿಮಿಷಕ್ಕೆ ಎದ್ದುಹೋಯಿತು. ಒಂದು ಮಸೂದೆಯೂ ಮತಕ್ಕೆ ಬರಲಿಲ್ಲ. ಆ ತೊಂಬತ್ತು ನಿಮಿಷ ರಿಪಬ್ಲಿಕನ್ನರಿಗೆ ತುಟ್ಟಿಯಾಯಿತು ಅಂತಲೇ ನನ್ನ ಅಂದಾಜು. ನವೆಂಬರ್ 5ರ ಚುನಾವಣೆಯಲ್ಲಿ ಡೆಮಾಕ್ರಾಟರು ಕೆಳಮನೆಯಲ್ಲಿ 55, ಮೇಲ್ಮನೆಯಲ್ಲಿ 21 ಸ್ಥಾನ ಗೆದ್ದರು. ಎರಡು ದಶಕಕ್ಕೂ ಹೆಚ್ಚು ಕಾಲದ ನಂತರ ಎರಡೂ ಸದನ ಮತ್ತು ಗವರ್ನರ್ ಪಟ್ಟ ಒಂದೇ ಪಕ್ಷದ ಕೈಗೆ ಬಂದವು. ಹೊಸ ಸಭೆ ಸೇರುವುದು ಜನವರಿಯಲ್ಲಿ. ನಡುವೆ ಎರಡು ತಿಂಗಳು. ನಮ್ಮ ಕಥೆ ನಡೆಯುವುದು ಈ ಎರಡು ತಿಂಗಳ ಸಂದಿಯಲ್ಲಿ.

ಚುನಾವಣೆ ಮುಗಿದ ಎರಡು ವಾರದೊಳಗೆ ಮಸೂದೆಗಳು ಮುಂಗಡವಾಗಿ ದಾಖಲಾಗತೊಡಗಿದವು. ಅದರಲ್ಲಿ ಒಂದು ಮೇಲ್ಮನೆಯ 16ನೇ ನಂಬರಿನದು. ಹಿರಿಯ ಸೆನೆಟರ್ ಡಿಕ್ ಸಾಸ್ಲಾ ಅವರದ್ದು. 'ಅಸಾಲ್ಟ್' ಬಗೆಯ, ಅಂದರೆ ಸೇನೆಯ ಮಾದರಿಯ, ಬಂದೂಕು ಮಾರುವುದಷ್ಟೇ ಅಪರಾಧ ಎಂದಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲವೇನೋ. ಆ ಕರಡು ಇಟ್ಟುಕೊಳ್ಳುವುದನ್ನೇ ಘೋರ ಅಪರಾಧದ ಸಾಲಿಗೆ ಸೇರಿಸಿತ್ತು. ಈಗಾಗಲೇ ಕೊಂಡವರ ಗತಿ ಏನು ಎಂಬುದಕ್ಕೆ ವಿನಾಯಿತಿ ಬರೆದಿರಲಿಲ್ಲ. ಅಂದರೆ ನಿನ್ನೆ ಅಂಗಡಿಯಲ್ಲಿ ಬಿಲ್ಲು ಕೊಟ್ಟು ಕೊಂಡ ರೈಫಲ್ಲು ಮನೆಯಲ್ಲಿದ್ದರೆ ನಾಳೆ ಜೈಲು ಅಂತ ಜನ ಓದಿಕೊಂಡರು. ಹಾಗೆ ಓದಿಕೊಂಡದ್ದರಲ್ಲಿ ತಪ್ಪೂ ಇರಲಿಲ್ಲ. ಹಳೆಯದನ್ನು ನೋಂದಾಯಿಸಿ ಇಟ್ಟುಕೊಳ್ಳಬಹುದು ಅಂತ ಡಿಸೆಂಬರಿನಲ್ಲಿ ಗವರ್ನರ್ ಕಡೆಯಿಂದ ಸಮಜಾಯಿಷಿ ಬಂತು. ಕಡೆಗೆ ಜನವರಿ 13ಕ್ಕೆ ಸಾಸ್ಲಾ ಅವರೇ ಮಸೂದೆಯನ್ನು ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಬೆಂಕಿ ಗುಡ್ಡ ಹತ್ತಿ ಆಗಿತ್ತು. ಮಸೂದೆ ಬರೆಯುವವರು ಒಂದು ವಾಕ್ಯ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಜೊತೆಗೆ ವದಂತಿಗಳು. ಅಮೆರಿಕದ ಸಂಸತ್ತಿನ ಸದಸ್ಯರೊಬ್ಬರು, ಸ್ಥಳೀಯ ಪೊಲೀಸರು ಕಾನೂನು ಜಾರಿ ಮಾಡದಿದ್ದರೆ ಗವರ್ನರ್ ನ್ಯಾಷನಲ್ ಗಾರ್ಡ್ ಕರೆಸಬೇಕಾಗಬಹುದು ಅಂದುಬಿಟ್ಟರು. ಅದು ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಸೈನಿಕರು ಮನೆಮನೆಗೆ ಬರುತ್ತಾರೆ ಅಂತ ಆಗಿತ್ತು. ನನ್ನ ಸಹೋದ್ಯೋಗಿಯೊಬ್ಬ, ಒಳ್ಳೆಯ ಓದಿದ ಮನುಷ್ಯ, ಊಟದ ಹೊತ್ತಿನಲ್ಲಿ ಇದನ್ನೇ ಗಂಭೀರವಾಗಿ ಹೇಳುತ್ತಿದ್ದ.

ಈಗ ಆ ಚಳವಳಿಯ ಹೆಸರಿಗೆ ಬರುತ್ತೇನೆ. 'ಸೆಕೆಂಡ್ ಅಮೆಂಡ್‌ಮೆಂಟ್ ಸ್ಯಾಂಕ್ಚುಯರಿ'. ಎರಡನೇ ತಿದ್ದುಪಡಿ 1791ರದ್ದು, ಅಮೆರಿಕದ ಸಂವಿಧಾನದಲ್ಲಿ ಶಸ್ತ್ರ ಇಟ್ಟುಕೊಳ್ಳುವ ಹಕ್ಕನ್ನು ಹೇಳುವ ಒಂದೇ ಒಂದು ವಾಕ್ಯ. ಅದು ವ್ಯಕ್ತಿಗೆ ಸೇರಿದ ಹಕ್ಕು ಅಂತ ಅಲ್ಲಿನ ಸುಪ್ರೀಂ ಕೋರ್ಟು ಖಚಿತವಾಗಿ ಹೇಳಿದ್ದು 2008ರಲ್ಲಿ. ಸ್ಯಾಂಕ್ಚುಯರಿ ಅಂದರೆ ಆಸರೆ, ಅಭಯ. ನಮಗೆ ಈ ಪದ ಚೆನ್ನಾಗಿ ಗೊತ್ತು, ಆಗುಂಬೆ ಘಾಟಿ ಇಳಿದರೆ ಸೋಮೇಶ್ವರ ಸ್ಯಾಂಕ್ಚುರಿ. ಕೋವಿ ಹಿಡಿದು ಕಾಲಿಟ್ಟರೆ ಕೇಸು ಬೀಳುವ ಜಾಗ. ಅಲ್ಲಿ ಅದೇ ಪದ ಕೋವಿಗೇ ಅಭಯ ಕೊಡುವ ಜಾಗಕ್ಕೆ ಬಂತು! ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ.

ಅವರು ಆ ಪದವನ್ನು ಎತ್ತಿಕೊಂಡದ್ದು ಎದುರಾಳಿಗಳ ಬುಟ್ಟಿಯಿಂದ. ದಾಖಲೆ ಇಲ್ಲದ ವಲಸಿಗರನ್ನು ಹಿಡಿಯಲು ಕೇಂದ್ರ ಸರ್ಕಾರಕ್ಕೆ ನಾವು ನೆರವಾಗುವುದಿಲ್ಲ ಎಂದ ಊರುಗಳಿಗೆ 'ಸ್ಯಾಂಕ್ಚುಯರಿ ಸಿಟಿ' ಅಂತ ಹೆಸರಿತ್ತು. ಉದಾರವಾದಿಗಳ ಹೆಮ್ಮೆಯ ಪದ. ಇಲಿನಾಯ್ ರಾಜ್ಯದ ಎಫಿಂಗ್‌ಹ್ಯಾಮ್ ಎಂಬ ಕೌಂಟಿ 2018ರ ಏಪ್ರಿಲಿನಲ್ಲಿ ಅದನ್ನೇ ಬಂದೂಕಿಗೆ ಅಂಟಿಸಿ ನಿರ್ಣಯ ಮಾಡಿತು. ಅದೇ ರಾಜ್ಯದ ಷಿಕಾಗೋದವರು ವಲಸಿಗರ ವಿಷಯದಲ್ಲಿ ಮಾಡಬಹುದಾದರೆ ನಾವು ಬಂದೂಕಿನ ವಿಷಯದಲ್ಲಿ ಯಾಕೆ ಮಾಡಬಾರದು ಎಂಬ ಚುಚ್ಚುಮಾತು ಅದರೊಳಗಿತ್ತು. ವರ್ಜೀನಿಯಾದಲ್ಲಿ ಮೊದಲು ಮಾಡಿದ್ದು ಬೆಟ್ಟದ ಕಡೆಯ ಕ್ಯಾರೊಲ್ ಕೌಂಟಿ, 2019ರ ಮೇ ತಿಂಗಳಲ್ಲಿ. ಆಗ ಯಾರೂ ತಿರುಗಿ ನೋಡಲಿಲ್ಲ. ನವೆಂಬರ್ ಚುನಾವಣೆ ಆದದ್ದೇ ತಡ, ವಾರಕ್ಕೆ ಐದು, ಹತ್ತು, ಇಪ್ಪತ್ತು. ಜನವರಿ ಹೊತ್ತಿಗೆ 95 ಕೌಂಟಿಗಳಲ್ಲಿ ಹತ್ತಿರ ಹತ್ತಿರ 90 ಕೌಂಟಿಗಳು ಒಂದಲ್ಲ ಒಂದು ರೂಪದ ನಿರ್ಣಯ ಮಾಡಿದ್ದವು.

ಇದನ್ನು ಹಬ್ಬಿಸಿದ್ದು ವರ್ಜೀನಿಯಾ ಸಿಟಿಜನ್ಸ್ ಡಿಫೆನ್ಸ್ ಲೀಗ್ ಎಂಬ ರಾಜ್ಯಮಟ್ಟದ ಸಂಘ. ಅಧ್ಯಕ್ಷರು ಫಿಲಿಪ್ ವ್ಯಾನ್ ಕ್ಲೀವ್. ಎನ್‌ಆರ್‌ಎ ಕೂಡ ರಾಜಿ ಮಾಡಿಕೊಳ್ಳುವ ಸಂಸ್ಥೆ ಅಂತ ಮೂಗು ಮುರಿಯುವ ಜನ ಇವರು. ಕೆಲಸದ ರೀತಿ ಮಾತ್ರ ಬಹಳ ಸಾದಾ. ಯಾವ ಕೌಂಟಿಯ ಸಭೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂಬ ಪಟ್ಟಿ. ನಿರ್ಣಯದ ಮಾದರಿ ಕರಡು. ಬಂದವರ ಎದೆಗೆ ಅಂಟಿಸಲು ದುಂಡನೆಯ ಕಿತ್ತಳೆ ಬಣ್ಣದ ಸ್ಟಿಕ್ಕರ್, 'ಬಂದೂಕು ಜೀವ ಉಳಿಸುತ್ತದೆ' ಅಂತ. ಅಷ್ಟೇ. ಉಳಿದದ್ದನ್ನು ಊರಿನವರು ನೋಡಿಕೊಂಡರು.

ಆ ಸಭೆಗಳು ಹೇಗಿರುತ್ತವೆ ಅಂತ ಸ್ವಲ್ಪ ಹೇಳಬೇಕು, ನನಗೆ ಮನಸ್ಸಿಗೆ ನಾಟಿದ್ದು ಅದೇ. ಕೌಂಟಿಯ ಆಡಳಿತ ಮಂಡಳಿ ಅಂದರೆ ನಮ್ಮ ಜಿಲ್ಲಾ ಪಂಚಾಯತಿ ಥರದ್ದು ಅಂದುಕೊಳ್ಳಿ, ಐದೋ ಎಂಟೋ ಜನ ಸದಸ್ಯರು. ಮಾಮೂಲಿ ದಿನ ಅಲ್ಲಿ ನಡೆಯುವುದು ಚರಂಡಿ, ಶಾಲೆ ಬಸ್ಸು, ಆಸ್ತಿ ತೆರಿಗೆ. ಪ್ರೇಕ್ಷಕರ ಕುರ್ಚಿಯಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು. ಆದರೆ ಒಂದು ನಿಯಮ ಇದೆ: ಸಭೆಯಲ್ಲಿ ಸಾರ್ವಜನಿಕರ ಹೊತ್ತು ಅಂತ ಇರುತ್ತದೆ, ಹೆಸರು ಬರೆಸಿದ ಯಾರಾದರೂ ಮೈಕಿನ ಮುಂದೆ ನಿಂತು ಮೂರು ನಿಮಿಷ ಮಾತಾಡಬಹುದು. ಎದುರಿಗಿನ ಸದಸ್ಯರು ಕೇಳಿಸಿಕೊಳ್ಳಲೇಬೇಕು. ಮೂರು ನಿಮಿಷಕ್ಕೆ ದೀಪ ಕೆಂಪಾಗುತ್ತದೆ, ನಿಲ್ಲಿಸಬೇಕು. ಮಂತ್ರಿ ತಮ್ಮನಾದರೂ ಅಷ್ಟೇ.

ಡಿಸೆಂಬರ್ 10ಕ್ಕೆ ನಾನಿದ್ದ ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ ಸಭೆ. ನಾನು ಹೇಳಿದೆನಲ್ಲ ಸಹೋದ್ಯೋಗಿ, ಅವನು "ಬಾ, ಒಂದು ಸಲ ನೋಡು" ಅಂದ. ಹೋದೆ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಒಳಗೆ ಕೂರಲು ಜಾಗ ಇಲ್ಲ. ಚಳಿಯಲ್ಲಿ ಹೊರಗೆ ಸಾಲು, ಎಲ್ಲರ ಕೋಟಿನ ಮೇಲೂ ಕಿತ್ತಳೆ ಸ್ಟಿಕ್ಕರ್. ಒಬ್ಬ ಅಜ್ಜಿ ನನಗೂ ಒಂದು ಕೊಟ್ಟರು. ಅಂಟಿಸಿಕೊಳ್ಳಲಿಲ್ಲ, ಬೇಡ ಅನ್ನಲೂ ಇಲ್ಲ, ಜೇಬಿಗೆ ಹಾಕಿಕೊಂಡೆ. ಟಿವಿಯಲ್ಲಿ ನೋಡುವ ಸೇನೆಯ ವೇಷದವರು ಇರುತ್ತಾರೆ ಅಂದುಕೊಂಡಿದ್ದೆ. ಇದ್ದವರು ಹೆಚ್ಚಾಗಿ ಕೊಳಾಯಿ ರಿಪೇರಿಯವರು, ದಾದಿಯರು, ನಿವೃತ್ತ ಸೈನಿಕರು, ಮಗುವನ್ನು ಕಂಕುಳಲ್ಲಿಟ್ಟುಕೊಂಡ ತಾಯಂದಿರು. ಒಬ್ಬಾಕೆ, ನಮ್ಮ ಮನೆಗೆ ಶೆರಿಫ್ ಬರಬೇಕಾದರೆ ನಲವತ್ತು ನಿಮಿಷ ಬೇಕು, ಅಲ್ಲಿಯವರೆಗೆ ನಾನೇನು ಮಾಡಲಿ ಅಂದಳು. ಇನ್ನೊಬ್ಬ ಮುದುಕ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಯಾವ ಯಾವ ಯುದ್ಧಕ್ಕೆ ಹೋಗಿದ್ದರು ಅಂತ ಹೇಳುವುದರಲ್ಲೇ ಮೂರು ನಿಮಿಷ ಕಳೆದ, ಬಂದೂಕಿನ ಸುದ್ದಿಗೆ ಬರಲೇ ಇಲ್ಲ. ಮೂರ್ಖ ಮಾತುಗಳೂ ಬೇಕಾದಷ್ಟಿದ್ದವು, ಹಿಟ್ಲರ್ ಎರಡು ಮೂರು ಸಲ ಬಂದುಹೋದ. ನಾನು ಕೇಳಿದಷ್ಟು ಹೊತ್ತು ನಿರ್ಣಯದ ವಿರುದ್ಧ ಮಾತಾಡಿದವರು ಕಡಿಮೆ.

ನಿರ್ಣಯ ಪಾಸಾಯಿತು.

ಅದರ ಕಾನೂನಿನ ಬೆಲೆ ಎಷ್ಟು? ಸೊನ್ನೆ. ವರ್ಜೀನಿಯಾದಲ್ಲಿ 'ಡಿಲ್ಲನ್ ನಿಯಮ' ಅಂತ ಇದೆ, ರಾಜ್ಯ ಕೊಟ್ಟ ಅಧಿಕಾರ ಬಿಟ್ಟು ಕೌಂಟಿಗೆ ಸ್ವಂತದ್ದು ಅಂತ ಏನೂ ಇಲ್ಲ. ಡಿಸೆಂಬರ್ 20ಕ್ಕೆ ರಾಜ್ಯದ ಅಟಾರ್ನಿ ಜನರಲ್ ಮಾರ್ಕ್ ಹೆರ್ರಿಂಗ್ ಲಿಖಿತವಾಗಿ ಅದನ್ನೇ ಹೇಳಿದರು: ಈ ನಿರ್ಣಯಗಳಿಗೆ ಕಾನೂನಿನ ಬಲ ಇಲ್ಲ, ಕಾನೂನು ಬಂದರೆ ಎಲ್ಲರೂ ಪಾಲಿಸಬೇಕು. ಇನ್ನು ನಮ್ಮ ಕೌಂಟಿಯ ಕಥೆ ಕೇಳಿ. ಡಿಸೆಂಬರಿನಲ್ಲಿ ನಿರ್ಣಯ ಮಾಡಿದ್ದು ಮನೆಗೆ ಹೊರಟಿದ್ದ ಹಳೆಯ ಮಂಡಳಿ. ನವೆಂಬರಿನಲ್ಲಿ ಗೆದ್ದ ಹೊಸ ಮಂಡಳಿ ಜನವರಿ 7ರಂದು ತನ್ನ ಸಭೆಯಲ್ಲಿ ಅದನ್ನು ರದ್ದು ಮಾಡಿತು. ನಾಲ್ಕು ವಾರ ಬಂದೂಕಿನ ಅಭಯಾರಣ್ಯದಲ್ಲಿ ವಾಸ ಮಾಡಿದ ಕನ್ನಡಿಗ ಅಂತ ನಾನು ಹೇಳಿಕೊಳ್ಳಬಹುದು.

ನಕಾಶೆಯ ವಿಚಾರವೂ ಹೀಗೇ. ನಿರ್ಣಯ ಮಾಡಿದ ಕೌಂಟಿಗಳಿಗೆ ಬಣ್ಣ ಬಳಿದ ನಕಾಶೆಯೊಂದು ಆಗ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ನೋಡಿದರೆ ಇಡೀ ರಾಜ್ಯವೇ ದಂಗೆ ಎದ್ದಂತೆ ಕಾಣುತ್ತಿತ್ತು, ಮೇಲಿನ ಮೂಲೆಯಲ್ಲಿ ಒಂದೆರಡು ಚುಕ್ಕೆ ಬಿಟ್ಟು. ಆ ಚುಕ್ಕೆಗಳಲ್ಲಿ ಒಂದು ಫೇರ್‌ಫ್ಯಾಕ್ಸ್. ರಾಜ್ಯದ ಜನಸಂಖ್ಯೆ ಸುಮಾರು 85 ಲಕ್ಷ, ಫೇರ್‌ಫ್ಯಾಕ್ಸ್ ಒಂದರಲ್ಲೇ 11 ಲಕ್ಷಕ್ಕೂ ಹೆಚ್ಚು. ಎಕರೆಗೆ ಓಟಿದ್ದಿದ್ದರೆ ಚಳವಳಿಗಾರರು ಚುನಾವಣೆಯನ್ನೂ ಗೆಲ್ಲುತ್ತಿದ್ದರು. ಆದರೂ ನಕಾಶೆ ಕೆಲಸ ಮಾಡಿತು. ಬೆಟ್ಟದ ಕಡೆಯಿಂದ ಆರಿಸಿ ಬಂದ ಡೆಮಾಕ್ರಾಟ್ ಶಾಸಕರು ಅದನ್ನು ನೋಡುವ ಕಣ್ಣೇ ಬೇರೆ.

ಶೆರಿಫ್‌ಗಳದ್ದು ಇನ್ನೊಂದು ಅಧ್ಯಾಯ. ಅಲ್ಲಿ ಶೆರಿಫ್ ಅಂದರೆ ವರ್ಗಾವಣೆಯಾಗಿ ಬರುವ ಎಸ್‌ಪಿ ಅಲ್ಲ, ಓಟು ಪಡೆದು ಗೆಲ್ಲುವವನು. ಕೆಲವರು, ಈ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ನಮಗೆ ಕಂಡರೆ ಜಾರಿ ಮಾಡುವುದಿಲ್ಲ ಎಂದರು. ಕಲ್ಪೆಪರ್ ಕೌಂಟಿಯ ಶೆರಿಫ್ ಸ್ಕಾಟ್ ಜೆಂಕಿನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೇಕಾದರೆ ಸಾವಿರಾರು ಜನರಿಗೆ ಡೆಪ್ಯುಟಿ, ಅಂದರೆ ತಮ್ಮ ಕೈಕೆಳಗಿನ ಅಧಿಕಾರಿ, ಅಂತ ಪ್ರಮಾಣವಚನ ಕೊಡಿಸಿ ಅವರ ಬಂದೂಕು ಉಳಿಸುತ್ತೇನೆ ಅಂದರು. ದೇಶವೆಲ್ಲ ಅವರ ಹೆಸರು ಓಡಾಡಿತು. ಐದು ವರ್ಷದ ನಂತರ, 2024ರ ಡಿಸೆಂಬರಿನಲ್ಲಿ, ಅದೇ ಜೆಂಕಿನ್ಸ್ ಅಪರಾಧಿ ಎಂದು ಕೋರ್ಟು ಹೇಳಿತು. ಏನು ಅಪರಾಧ? 75 ಸಾವಿರ ಡಾಲರಿಗೂ ಮೇಲ್ಪಟ್ಟು ಲಂಚ ತೆಗೆದುಕೊಂಡು ಸಹಾಯಕ ಡೆಪ್ಯುಟಿ ಬ್ಯಾಡ್ಜುಗಳನ್ನು ಹಂಚಿದ್ದು! ಹತ್ತು ವರ್ಷ ಶಿಕ್ಷೆಯಾಯಿತು. ಜೈಲಿಗೆ ಹೋಗುವ ಮುಂಚೆಯೇ, 2025ರ ಮೇ ತಿಂಗಳಲ್ಲಿ, ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ಕಾನೂನು ಜಾರಿ ಮಾಡಬೇಕಾದವನೇ ಯಾವುದನ್ನು ಮಾಡುತ್ತೇನೆ, ಯಾವುದನ್ನು ಬಿಡುತ್ತೇನೆ ಎಂದು ಆರಿಸಿಕೊಳ್ಳುವುದನ್ನು ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಸ್ಟಿಕ್ಕರ್ ಕೊಟ್ಟ ಅಜ್ಜಿಗೂ ಈತನಿಗೂ ಒಂದೇ ಚಳವಳಿಯ ಬಿರುದು ಕೊಡುವುದು ನನಗೆ ಕಷ್ಟ.

ರಿಚ್ಮಂಡ್ ಅಂದರೆ ರಾಜಧಾನಿ. ಪ್ರತಿ ಜನವರಿ ಮಾರ್ಟಿನ್ ಲೂಥರ್ ಕಿಂಗ್ ರಜೆಯ ದಿನ ಅಲ್ಲಿ 'ಲಾಬಿ ಡೇ'. ರಜೆ ಇರುವುದರಿಂದ ಜನಸಾಮಾನ್ಯರು ಶಾಸಕರ ಕಚೇರಿ ಬಾಗಿಲು ತಟ್ಟುವ ದಿನ. ಬಂದೂಕಿನ ಪರ, ವಿರೋಧ ಇಬ್ಬರೂ ಬರುತ್ತಾರೆ. 2020ರಲ್ಲಿ ಅದು ಜನವರಿ 20. ಈ ಸಲ ಹತ್ತಾರು ಸಾವಿರ ಜನ ಬರುತ್ತಾರೆ, ಬೇರೆ ರಾಜ್ಯಗಳಿಂದ ಸಶಸ್ತ್ರ ಗುಂಪುಗಳು ಬರುತ್ತವೆ ಎಂದು ಸುದ್ದಿಯಾಯಿತು. ಎಲ್ಲರ ಮನಸ್ಸಿನಲ್ಲಿ 2017ರ ಷಾರ್ಲಟ್ಸ್‌ವಿಲ್ ಇತ್ತು. ಅದೇ ರಾಜ್ಯದ ಊರು, ಬಿಳಿಯ ಜನಾಂಗವಾದಿಗಳ ಮೆರವಣಿಗೆಯ ದಿನ ಪ್ರತಿಭಟಿಸುತ್ತಿದ್ದವರ ಮೇಲೆ ಕಾರು ನುಗ್ಗಿಸಿ ಒಬ್ಬ ಯುವತಿಯನ್ನು ಕೊಂದಿದ್ದರು. ನಾರ್ಥಮ್ ತುರ್ತು ಪರಿಸ್ಥಿತಿ ಘೋಷಿಸಿ ಶಾಸನಸಭೆಯ ಆವರಣಕ್ಕೆ ಬಂದೂಕು ತರುವಂತಿಲ್ಲ ಎಂದರು. ಬಂದೂಕಿನ ಪರದವರು ಕೋರ್ಟಿಗೆ ಹೋದರು, ರಾಜ್ಯದ ಸುಪ್ರೀಂ ಕೋರ್ಟೂ ಆದೇಶ ಎತ್ತಲಿಲ್ಲ. ಅದೇ ವಾರ ಎಫ್‌ಬಿಐ ನವನಾಜಿ ಗುಂಪೊಂದರ ಮೂವರನ್ನು ಹಿಡಿಯಿತು. ರಿಚ್ಮಂಡಿಗೆ ಹೋಗಿ ರಕ್ತಪಾತ ಮಾಡುವ ಮಾತು ಅವರ ನಡುವೆ ನಡೆದಿತ್ತು. ಬಂದೂಕು ನಿಯಂತ್ರಣ ಬೇಕೆನ್ನುವ ಸಂಘಗಳು ಭಯಕ್ಕೆ ತಮ್ಮ ಕಾರ್ಯಕ್ರಮ ಕೈಬಿಟ್ಟವು. ಕೆಲವು ವಿದ್ಯಾರ್ಥಿಗಳು ಮಾತ್ರ ಹಿಂದಿನ ರಾತ್ರಿಯೇ ಶಾಸಕರ ಕಚೇರಿಗಳಲ್ಲಿ ಹಾಸಿಕೊಂಡು ಮಲಗಿ, ಬೆಳಿಗ್ಗೆ ತಮ್ಮ ಮಾತು ಹೇಳಿದರು.

ಅವತ್ತು ಬಂದವರು 22 ಸಾವಿರ ಅಂತ ಅಧಿಕಾರಿಗಳ ಅಂದಾಜು. ಬಂದೂಕು ಬಿಟ್ಟು, ತಪಾಸಣೆ ಮಾಡಿಸಿಕೊಂಡು ಬೇಲಿಯ ಒಳಗೆ ಹೋದವರು ಆರು ಸಾವಿರ. ಹೊರಗೆ ಬೀದಿಯಲ್ಲೇ ನಿಂತವರು 16 ಸಾವಿರ, ಅವರಲ್ಲಿ ಬಹಳ ಜನರ ಹೆಗಲಿಗೆ ಉದ್ದುದ್ದ ರೈಫಲ್ಲು. ಕೈ ಮರಗಟ್ಟುವ ಚಳಿ. "ನಾವು ಪಾಲಿಸುವುದಿಲ್ಲ" ಎಂಬ ಘೋಷಣೆ. ಒಂದು ಗುಂಡೂ ಹಾರಲಿಲ್ಲ. ಹೋಗುವಾಗ ಕಸ ಹೆಕ್ಕಿಕೊಂಡು ಹೋದರು. ಇಡೀ ದಿನಕ್ಕೆ ಬಂಧನ ಒಂದೇ, 21 ವರ್ಷದ ಹುಡುಗಿಯೊಬ್ಬಳದು, ಮುಖ ಮುಚ್ಚಿಕೊಂಡಿದ್ದಳು ಅಂತ. ಕು ಕ್ಲಕ್ಸ್ ಕ್ಲಾನ್‌ನವರನ್ನು ತಡೆಯಲು 1950ರ ದಶಕದಲ್ಲಿ ಮಾಡಿದ ಮುಖಗವಸು ನಿಷೇಧದ ಕಾನೂನು ಅದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೋವಿಡ್ ಬಂತು, ಬೇಗನೆ ಇಡೀ ರಾಜ್ಯಕ್ಕೇ ಮುಖ ಮುಚ್ಚಿಕೊಳ್ಳಿ ಅಂತ ಆದೇಶವಾಯಿತು.

ಶಾಂತಿಯುತವಾಗಿ ನಡೆಯಿತು ಅಂತ ಎಲ್ಲರೂ ಹೊಗಳಿದರು. ನನಗೆ ಒಂದು ಹಳೆಯ ಘಟನೆ ನೆನಪಾಗುತ್ತಿತ್ತು. 1967ರ ಮೇ 2ರಂದು ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಸುಮಾರು 30 ಜನ ಕರಿಯರು, ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು, ಬಂದೂಕು ಹಿಡಿದು ಶಾಸನಸಭೆಗೆ ಬಂದರು. ಅವರು ವಿರೋಧಿಸಲು ಬಂದದ್ದೂ ಬಂದೂಕು ನಿಯಂತ್ರಣದ ಮಸೂದೆಯನ್ನೇ. ತುಂಬಿದ ಬಂದೂಕನ್ನು ಬೀದಿಯಲ್ಲಿ ಬಹಿರಂಗವಾಗಿ ಹಿಡಿದು ಓಡಾಡುವಂತಿಲ್ಲ ಎನ್ನುವ ಮಲ್ಫರ್ಡ್ ಎಂಬ ಶಾಸಕರ ಮಸೂದೆ ಅದು. ಪೊಲೀಸರು ಅವರನ್ನು ಹಿಡಿದರು. ಮಸೂದೆ ನಿಲ್ಲುವುದಿರಲಿ, ದಡದಡನೆ ಪಾಸಾಯಿತು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್, ಮುಂದೆ ಬಂದೂಕು ಪ್ರಿಯರ ಆರಾಧ್ಯದೈವ. ಇನ್ನೊಂದು: 1956ರಲ್ಲಿ ಮನೆಗೆ ಬಾಂಬು ಬಿದ್ದ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಪಿಸ್ತೂಲಿನ ಪರವಾನಗಿಗೆ ಅರ್ಜಿ ಹಾಕಿದ್ದರು. ಅಲಬಾಮದ ಅಧಿಕಾರಿಗಳು ಕೊಡಲಿಲ್ಲ. ರಿಚ್ಮಂಡಿನಲ್ಲಿ ಸೇರಿದ್ದು ಅವರ ಹೆಸರಿನ ರಜೆಯ ದಿನ. ಅವತ್ತಿನ ಗುಂಪಿನಲ್ಲಿ ಕರಿಯರೂ ಇದ್ದರು, ಕಡಿಮೆ ಸಂಖ್ಯೆಯಲ್ಲಿ. ಈ ಚರಿತ್ರೆಯನ್ನು ಮೈಕಿನಲ್ಲಿ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿತ್ತು.

ಸರಿ, ಇಷ್ಟೆಲ್ಲ ಆಗಿ ಏನಾಯಿತು? ದಿನಾಂಕಗಳನ್ನು ಸ್ವಲ್ಪ ಗಮನವಿಟ್ಟು ಕೇಳಿ. ರ‍್ಯಾಲಿಗೆ ನಾಲ್ಕು ದಿನ ಮುಂಚೆ, ಜನವರಿ 16ಕ್ಕೆ, ಮೇಲ್ಮನೆ ಮೂರು ಮಸೂದೆ ಪಾಸು ಮಾಡಿಯಾಗಿತ್ತು: ಬಂದೂಕು ಮಾರುವಾಗ ಕೊಳ್ಳುವವನ ಪೂರ್ವಾಪರ ತಪಾಸಣೆ, ತಿಂಗಳಿಗೆ ಒಂದೇ ಪಿಸ್ತೂಲು, ಸ್ಥಳೀಯ ಸಭೆ ಸಮಾರಂಭಗಳಿಗೆ ಬಂದೂಕು ಬೇಡ ಅನ್ನುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ. ತಿಂಗಳಿಗೊಂದು ಪಿಸ್ತೂಲು ಹೊಸದೇನಲ್ಲ. 1993ರಿಂದ ಇದ್ದ ಕಾನೂನು, 2012ರಲ್ಲಿ ತೆಗೆದಿದ್ದರು, ಈಗ ವಾಪಸು ಬಂತು. ರ‍್ಯಾಲಿಯಾದ ಎರಡೇ ದಿನಕ್ಕೆ, ಜನವರಿ 22ಕ್ಕೆ, 'ರೆಡ್ ಫ್ಲ್ಯಾಗ್' ಮಸೂದೆ 21-19ರಲ್ಲಿ ಪಾಸಾಯಿತು. ತನಗೋ ಇತರರಿಗೋ ಅಪಾಯ ತರುವಂತಿರುವವನ ಬಂದೂಕನ್ನು ಕೋರ್ಟಿನ ಆದೇಶ ಪಡೆದು ಮೊದಲು 14 ದಿನ, ಆಮೇಲೆ 180 ದಿನದವರೆಗೆ ತೆಗೆದಿಡುವ ಕಾನೂನು. ಬೀದಿಯಲ್ಲಿ ಹದಿನಾರು ಸಾವಿರ ಜನ ರೈಫಲ್ಲು ಹೊತ್ತು ನಿಂತ ನಲವತ್ತೆಂಟು ಗಂಟೆಗೆ! ಹೆಗಲ ಮೇಲಿನ ಕಬ್ಬಿಣ ಒಂದು ಮತವನ್ನೂ ಕದಲಿಸಲಿಲ್ಲ.

ಪಾಸಾಗದೆ ನಿಂತದ್ದು ಒಂದು, ಅಸಾಲ್ಟ್ ಬಂದೂಕಿನ ಮಸೂದೆ. ಸಾಸ್ಲಾ ಅವರದ್ದಲ್ಲ, ಕೆಳಮನೆಯಲ್ಲಿ ಮಾರ್ಕ್ ಲೆವಿನ್ ತಂದ 961ನೇ ನಂಬರಿನದು. ಹೊಸದಾಗಿ ಮಾರುವುದಕ್ಕೆ ನಿಷೇಧ, ಹಿಂದೆ ಕೊಂಡದ್ದನ್ನು ಇಟ್ಟುಕೊಳ್ಳಬಹುದು, 12ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್ ಇಲ್ಲ. ಫೆಬ್ರವರಿ 11ಕ್ಕೆ ಕೆಳಮನೆಯಲ್ಲಿ 51-48ರಲ್ಲಿ ತೆವಳಿಕೊಂಡು ಪಾಸಾಯಿತು. ಫೆಬ್ರವರಿ 17ಕ್ಕೆ ಮೇಲ್ಮನೆಯ ನ್ಯಾಯ ಸಮಿತಿ 10-5ರಲ್ಲಿ ಅದನ್ನು ಅಧ್ಯಯನಕ್ಕೆ ಅಂತ ಮುಂದಿನ ವರ್ಷಕ್ಕೆ ದೂಡಿತು. ಮುಂದಿನ ವರ್ಷ ಅಂದರೆ ಏನು ಅಂತ ನಮಗೆಲ್ಲ ಗೊತ್ತು. ನಾಲ್ವರು ಡೆಮಾಕ್ರಾಟರು ರಿಪಬ್ಲಿಕನ್ನರ ಜೊತೆ ಕೈ ಎತ್ತಿದರು.

ಆ ನಾಲ್ವರಲ್ಲಿ ಒಬ್ಬರು ಕ್ರೀ ಡೀಡ್ಸ್, ಬಾತ್ ಎಂಬ ಬೆಟ್ಟದ ಕೌಂಟಿಯವರು. ಅವರ ಬಗ್ಗೆ ಒಂದು ನಿಮಿಷ. 2013ರಲ್ಲಿ ಮಾನಸಿಕ ಅಸ್ವಸ್ಥತೆಯಲ್ಲಿದ್ದ ಅವರ ಮಗ ಅಪ್ಪನಿಗೆ ಚಾಕುವಿನಿಂದ ಇರಿದು, ತಾನು ಗುಂಡು ಹೊಡೆದುಕೊಂಡು ತೀರಿಕೊಂಡ. ಹಿಂದಿನ ದಿನ ಮಾನಸಿಕ ಚಿಕಿತ್ಸೆಗೆ ಒಂದು ಹಾಸಿಗೆ ಸಿಕ್ಕಿರಲಿಲ್ಲ. ಡೀಡ್ಸ್ ಅವರ ಮುಖದ ಮೇಲೆ ಆ ಗಾಯದ ಗುರುತು ಈಗಲೂ ಇದೆ. ಅವರು ರೆಡ್ ಫ್ಲ್ಯಾಗ್ ಪರ ಮತ ಹಾಕಿದರು. ಅಸಾಲ್ಟ್ ಬಂದೂಕಿನ ಮಸೂದೆಯನ್ನು ಮುಂದೂಡಲು ಮತ ಹಾಕಿದರು. ಎರಡೂ ಒಬ್ಬನೇ ಮನುಷ್ಯನ ಮತ. ಬಂದೂಕಿನ ವಿಷಯ ಬಂದ ಕೂಡಲೆ ಮನುಷ್ಯರನ್ನು ಎರಡು ರಾಶಿ ಮಾಡುವವರಿಗೆ ನಾನು ಈ ಹೆಸರು ಹೇಳುತ್ತೇನೆ.

ನಾಲ್ವರ ಮನಸ್ಸಿನೊಳಗೆ ಏನಿತ್ತೋ ನಾನು ಕಂಡಿಲ್ಲ. ಆದರೆ ನಾನು ಅಂದುಕೊಂಡಿರುವುದು ಇದು: ಅಲ್ಲಿ ಕೆಲಸ ಮಾಡಿದ್ದು ಡಿಸೆಂಬರಿನ ಆ ಚಳಿ ಸಂಜೆಗಳು. ತನ್ನ ಕ್ಷೇತ್ರದ ಇಂಥ ಇಂಥ ಊರಿನಲ್ಲಿ ಇಷ್ಟಿಷ್ಟು ಜನ ಕೆಲಸ ಮುಗಿಸಿ, ಊಟ ಬಿಟ್ಟು, ಮಂಡಳಿಯ ಮುಂದೆ ಬಂದು ನಿಂತರು ಎಂಬ ಲೆಕ್ಕ ಶಾಸಕನ ತಲೆಯಲ್ಲಿ ಕೂರುತ್ತದೆ. ತಪಾಸಣೆಯ ಮಸೂದೆಯೂ ಪಾಸಾಗುವ ದಾರಿಯಲ್ಲಿ ತೆಳುವಾಯಿತು: ಸ್ನೇಹಿತರ ನಡುವೆ ಕೈ ಬದಲಾದ ಬಂದೂಕಿಗೂ ತಪಾಸಣೆ ಅಂತ ಇದ್ದದ್ದು ಮಾರಾಟಕ್ಕೆ ಮಾತ್ರ ಅಂತಾಯಿತು. ನಾರ್ಥಮ್ ಏಪ್ರಿಲ್ 10ಕ್ಕೆ ಸಹಿ ಹಾಕಿದರು, ಜುಲೈ 1ರಿಂದ ಜಾರಿ. ಅಷ್ಟರಲ್ಲಿ ಎಲ್ಲರೂ ಲಾಕ್‌ಡೌನಿನಲ್ಲಿದ್ದರು. ನಿಂತ ಮಸೂದೆ ಸಾಯಲೂ ಇಲ್ಲ. 2024ರಲ್ಲಿ ಎರಡೂ ಸದನ ದಾಟಿ ಆಗಿನ ಗವರ್ನರ್ ಯಂಗ್‌ಕಿನ್ ಮೇಜಿಗೆ ಬಂತು, ಅವರು ವೀಟೊ ಮಾಡಿದರು. 2025ರಲ್ಲಿ ಮತ್ತೆ ಬಂತು, ಮತ್ತೆ ವೀಟೊ.

ಇನ್ನು ಪ್ರಶ್ನೆಗಳು.

ಮೊದಲನೆಯದು ಕೊಡಗಿನ ಅಳಿಯ ಒಬ್ಬರದ್ದು: "ನಮ್ಮಲ್ಲೂ ಕೋವಿಗೆ ಲೈಸೆನ್ಸು ಬೇಡವಲ್ಲ, ಅದೂ ಇದೂ ಒಂದೇ ತಾನೆ?" ಒಂದೇ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಎಲ್ಲರಿಗೂ ಲೈಸೆನ್ಸು ಬೇಕು ಎನ್ನುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸರ್ಕಾರ ಆ ನಿಯಮದಿಂದ ವಿನಾಯಿತಿ ಕೊಟ್ಟಿದೆ. 2019ರ ಅಕ್ಟೋಬರಿನಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಪ್ರಶ್ನಿಸಿ ಕೋರ್ಟಿಗೆ ಹೋದಾಗ 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಕೈಲ್ ಪೋಳ್ದ್ ಹಬ್ಬದಲ್ಲಿ ಪೂಜೆ ಮಾಡುವ ಕೋವಿಯಾದರೂ ಅದರ ಹಿಂದೆ ಒಂದು ಅಧಿಸೂಚನೆ ಇದೆ, ಅದಕ್ಕೊಂದು ಕೊನೆ ದಿನಾಂಕ ಇದೆ. ವರ್ಜೀನಿಯಾದವನಿಗೆ ದಿನಾಂಕ ಹಾಕಿದ ಹಕ್ಕು ಅಂದರೆ ಅರ್ಥವೇ ಆಗುವುದಿಲ್ಲ.

ಎರಡನೆಯದು ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯದ್ದು: "ಸರ್, ನೀವು ಯಾರ ಕಡೆ?"

ರೆಡ್ ಫ್ಲ್ಯಾಗ್ ಕಾನೂನಿನ ಕಡೆ, ತಪಾಸಣೆಯ ಕಡೆ. ರಣರಂಗಕ್ಕೆಂದು ಹುಟ್ಟಿದ ರೈಫಲ್ಲು ಅಂಗಡಿಯಲ್ಲಿ ಸಿಗಬಾರದು ಎನ್ನುವವನು ನಾನು. ನನ್ನ ಪರಿಚಯದ ಕನ್ನಡದವರಲ್ಲೂ ಹೆಚ್ಚಿನವರು ಹೀಗೇ ಅಂದುಕೊಂಡಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಬಂದೂಕು ಬಂದರೆ ಹೇಗೆ ಬಾಗಿಲು ಹಾಕಿಕೊಂಡು ಮೂಲೆಯಲ್ಲಿ ಕೂರಬೇಕು ಅಂತ ಕವಾಯತು ಮಾಡಿಸುತ್ತಿದ್ದರು. ಮನೆಗೆ ಬಂದ ಮಗಳು ಅದನ್ನು ಆಟದಂತೆ ಆಡಿ ತೋರಿಸುತ್ತಿದ್ದಳು. ಆ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಸೇರಿದಾಗ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಇದನ್ನೇ ಮಾತಾಡಿಕೊಂಡಿದ್ದೆವು, ಎಲ್ಲರಿಗೂ ಸಿಟ್ಟು ಇತ್ತು. ಡಿಸೆಂಬರ್ 10ರ ಸಭೆಗೆ ಅವರಲ್ಲಿ ಯಾರೂ ಬಂದಿದ್ದು ನನಗೆ ಕಾಣಲಿಲ್ಲ. ನಾನು ಬಂದಿದ್ದೆ. ನಾಗರಿಕತ್ವ ಇಲ್ಲದಿದ್ದರೂ ಕೌಂಟಿಯಲ್ಲಿ ಮನೆ ಇತ್ತು, ತೆರಿಗೆ ಕಟ್ಟುತ್ತಿದ್ದೆ, ಮಾತಾಡಬಹುದಿತ್ತು. ಹೆಸರು ಬರೆಸುವ ಹಾಳೆ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿತ್ತು, ಪೆನ್ನನ್ನು ದಾರ ಕಟ್ಟಿ ಅದಕ್ಕೇ ನೇತುಹಾಕಿದ್ದರು. ನನ್ನ ಕೈಗೂ ಬಂತು. ಹಿಂದಿನವರಿಗೆ ದಾಟಿಸಿದೆ.